ಕೆಲೆರಾ ಅಜ್ಜಿಯ ಹೆಸರಿನವರೆಲ್ಲ ಒಟ್ಟಿಗೇ ನಿಂತುಹೋದದ್ದು

ಇಸಿಕೇಲಿ ರಾಜಧಾನಿ ಸುವಾಕ್ಕೆ ಹೋಗಿ ಕಂಪ್ಯೂಟರ್ ತರಬೇತಿ ಮುಗಿಸಿ ಬಂದ ಮೇಲೆ ಕೊರಳಿನ ಬಿಲ್ಲೆಯನ್ನು ತೆಗೆಯಲೇ ಇಲ್ಲ. ನೀಲಿ ದಾರಕ್ಕೆ ತೂಗುಬಿದ್ದ ಆ ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಅವನ ಹೆಸರೂ, ಪಕ್ಕದಲ್ಲಿ ಅವನ ನಗುಮುಖವೂ ಇದ್ದವು. ಅದನ್ನು ಹಾಕಿಕೊಂಡೇ ಮೀನಿಗೆ ಹೋದ, ಅದನ್ನು ಹಾಕಿಕೊಂಡೇ ಚರ್ಚಿನ ಹಾಡಿನ ತಂಡದಲ್ಲಿ ನಿಂತ. ರಗ್ಬಿ ಆಡುವಾಗ ಎದುರಾಳಿಯೊಬ್ಬ ಅದೇ ದಾರ ಹಿಡಿದೆಳೆದು ಕೆಸರಿಗೆ ಕೆಡವಿದ ಮೇಲೂ ಬಿಚ್ಚಲಿಲ್ಲ.

"ಏನ್ ಭಾವ, ಸ್ನಾನ ಮಾಡುವಾಗ್ಲಾದ್ರೂ ತೆಗೀತೀಯೋ, ಇಲ್ಲ ನೀನ್ಯಾರು ಅಂತ ಸೋಪಿಗೂ ಗೊತ್ತಾಗ್ಬೇಕೋ?" ಎಂದು ವೈಸಾಲೆ ಕೇಳಿದ.

ವೈಸಾಲೆ ಇಸಿಕೇಲಿಯ ಸೋದರತ್ತೆಯ ಮಗ. ಫಿಜಿಯ ಆ ನಾಯಲೇವು ದ್ವೀಪದಲ್ಲಿ ಭಾವಂದಿರು ಒಬ್ಬರನ್ನೊಬ್ಬರು ಗೋಳು ಹೊಯ್ದುಕೊಳ್ಳುವುದು ಹಕ್ಕು ಮಾತ್ರವಲ್ಲ, ಕರ್ತವ್ಯ. ವೈಸಾಲೆ ತನ್ನ ಬ್ರೆಡ್ ಅಂಗಡಿಗಿಂತ ಈ ಕರ್ತವ್ಯವನ್ನೇ ಹೆಚ್ಚು ಶ್ರದ್ಧೆಯಿಂದ ನಡೆಸುತ್ತಿದ್ದ.

ಇಸಿಕೇಲಿ ಸಿಟ್ಟಾಗಲಿಲ್ಲ. ದೊಡ್ಡ ಜವಾಬ್ದಾರಿ ಹೊತ್ತವರು ಇಂಥದಕ್ಕೆಲ್ಲ ಸಿಟ್ಟಾಗಬಾರದೆಂದು ಅವನಿಗೆ ಗೊತ್ತಿತ್ತು. ದ್ವೀಪದ ರೇಡಿಯೋ ನಿಲ್ದಾಣ ಅವನ ವಶದಲ್ಲಿತ್ತು. ನಿಲ್ದಾಣವೆಂದರೆ ಚರ್ಚಿನ ಹಿಂದೆ ಒಂದು ಕೋಣೆ, ಚಾವಣಿಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳು, ದೀವಿಹಲಸಿನ ಮರಕ್ಕೆ ಬಿಗಿದ ಒಂದು ಕಬ್ಬಿಣದ ಕಂಬ, ಮತ್ತು ಒಳಗೆ ಚಾಪೆಯ ಮೇಲೆ ಕೂತ ಒಂದು ಕಂಪ್ಯೂಟರ್. ಆ ಕಂಪ್ಯೂಟರಿಗೆ ಚಾಪೆ ಬಂದದ್ದು ಹೇಗೆಂಬುದನ್ನು ಮೊದಲು ಹೇಳಬೇಕು. ಮುಂದಿನ ಅನಾಹುತವೆಲ್ಲ ಅಲ್ಲಿಂದಲೇ ಶುರು.

ಆ ದ್ವೀಪದಲ್ಲಿ ಹೆಸರಿನ ವಿಷಯ ಸಣ್ಣದಲ್ಲ. ಮಗುವಿಗೆ ಹಿರಿಯರೊಬ್ಬರ ಹೆಸರಿಟ್ಟರೆ ಆ ಹಿರಿಯರಿಗೂ ಮಗುವಿಗೂ ಜೀವಮಾನದ ನಂಟು. ಹಬ್ಬಕ್ಕೆ ಚಾಪೆ, ಕಾಯಿಲೆಗೆ ಮೀನಿನ ಸಾರು, ಮದುವೆಗೆ ಹಂದಿ, ಎಲ್ಲ ಹೆಸರು ಕೊಟ್ಟವರ ಕಡೆಯಿಂದ ಬರಬೇಕು. ತೀರಿಹೋದ ಊರ ಮುಖಂಡನ ಹೆಂಡತಿ ಕೆಲೆರಾ ಅಜ್ಜಿಯದು ಧಾರಾಳದ ಕೈ. ಹೀಗಾಗಿ ಹೆಣ್ಣುಮಗು ಹುಟ್ಟಿದ ಮನೆಯವರೆಲ್ಲ ಓಡಿಬಂದು ಅವಳ ಹೆಸರನ್ನೇ ಬೇಡುತ್ತಿದ್ದರು. ಸಂಜೆ ಅಜ್ಜಿ ಅಂಗಳದಲ್ಲಿ ನಿಂತು "ಕೆಲೆರಾ, ಕುಡಿಯೋಕೆ ನೀರು ತಾರೇ" ಎಂದರೆ ಮರದ ಮೇಲಿಂದ, ದೋಣಿಯ ಮರೆಯಿಂದ, ಅಡುಗೆಮನೆಗಳಿಂದ ಹುಡುಗಿಯರು ಚೊಂಬು ಹಿಡಿದು ಓಡಿಬರುತ್ತಿದ್ದರು. ಅಜ್ಜಿ ಕೇಳಿದ್ದು ಒಂದು ಲೋಟ, ಬರುತ್ತಿದ್ದದ್ದು ಸ್ನಾನಕ್ಕೆ ಆಗುವಷ್ಟು. ಅದರಲ್ಲೇ ಅವಳಿಗೆ ಖುಷಿ.

ನಿಲ್ದಾಣಕ್ಕೆ ಜಾಗ ಕೊಟ್ಟವಳೂ ಇದೇ ಅಜ್ಜಿ. ಅದಕ್ಕೆ ಕೃತಜ್ಞತೆಯಾಗಿ ಇಸಿಕೇಲಿ, ದಿನವಿಡೀ ಭಕ್ತಿಗೀತೆ ನುಡಿಸುವ ಪ್ರೋಗ್ರಾಮಿಗೆ 'ಕೆಲೆರಾ' ಎಂದು ಹೆಸರಿಟ್ಟು, ಊಟದ ಪಂಕ್ತಿಯಲ್ಲಿ ಎದ್ದುನಿಂತು ಘೋಷಿಸಿಬಿಟ್ಟ. ಅಜ್ಜಿಯ ಕಣ್ಣು ತುಂಬಿಬಂತು. ಮರುದಿನವೇ ತನ್ನ ಹೆಸರಿನ ಹೊಸ ಕೂಸಿಗೆಂದು ಅಂಚಿಗೆ ಬಣ್ಣದ ಉಣ್ಣೆ ಹೆಣೆದ ಚಾಪೆ ಕಳಿಸಿದಳು. ಯಂತ್ರವನ್ನು ಎತ್ತಿ ಅದರ ಮೇಲೆ ಕೂರಿಸಲಾಯಿತು.

ಆಮೇಲೆ ಗಾಳಿ, ಕಡಲ ಅಲೆಗಳ ಸುದ್ದಿ ಓದುವ ಪ್ರೋಗ್ರಾಮು ಬಂತು. ಅದಕ್ಕೆ ಯಾರ ಹೆಸರು? ಮೇಲಿನ ಕೇರಿಯವರು ತಮ್ಮ ಅಜ್ಜನ ಹೆಸರೆಂದರು, ಕೆಳಗಿನ ಕೇರಿಯವರು ತಮ್ಮ ದೊಡ್ಡಮ್ಮನ ಹೆಸರೆಂದರು. ಮಾತಿಗೆ ಮಾತು ಬೆಳೆದು ಒಂದು ವಾರ ಎರಡು ಕೇರಿಯವರೂ ಒಟ್ಟಿಗೆ ಕೂತು ಯಾಂಗೋನಾ ಬೇರಿನ ಪಾನಕ ಕುಡಿಯಲಿಲ್ಲ. ಆ ದ್ವೀಪದಲ್ಲಿ ಅದು ಯುದ್ಧಕ್ಕೆ ಸಮ. ಇಸಿಕೇಲಿ ಹೆದರಿ ಅದಕ್ಕೂ 'ಕೆಲೆರಾ' ಎಂದೇ ಇಟ್ಟ. ಯಾರೂ ಉಸಿರೆತ್ತಲಿಲ್ಲ. ಅಂದಿನಿಂದ ಹೊತ್ತು ತಿಳಿಸುವ ಗಂಟೆಯೂ ಕೆಲೆರಾ, ಕೋಣೆಯ ಸದ್ದನ್ನು ಕಂಬಕ್ಕೆ ಸಾಗಿಸುವುದೂ ಕೆಲೆರಾ. ಒಂದೊಂದೂ ಬೇರೆ ಬೇರೆ ಫೋಲ್ಡರಿನಲ್ಲಿದ್ದದ್ದರಿಂದ ಯಂತ್ರ ತಕರಾರು ಮಾಡಲಿಲ್ಲ. ಯಂತ್ರಕ್ಕೆ ಕೇರಿಗಳಿಲ್ಲ.

ಯಾವುದಾದರೂ ಪ್ರೋಗ್ರಾಮು ಮೊಂಡು ಹಿಡಿದರೆ ಇಸಿಕೇಲಿ ಕಪ್ಪು ಪರದೆ ತೆರೆದು, ಅದರ ಸಂಖ್ಯೆ ಹುಡುಕಿ, ಸಂಖ್ಯೆ ಹೊಡೆದು ನಿಲ್ಲಿಸುತ್ತಿದ್ದ. ಸುವಾದ ತರಬೇತಿಯಲ್ಲಿ ಇನ್ನೊಂದು ದಾರಿ ಹೇಳಿಕೊಟ್ಟರು. ಸಂಖ್ಯೆ ಹುಡುಕುವ ಗೋಜೇ ಬೇಡ, 'ಕಿಲ್‌ಆಲ್' ಎಂದು ಬರೆದು ಮುಂದೆ ಹೆಸರು ಬರೆದರೆ ಸಾಕು, ಆ ಹೆಸರಿನದು ನಿಲ್ಲುತ್ತದೆ. ಇಸಿಕೇಲಿಗೆ ಇದು ಬಹಳ ಹಿಡಿಸಿತು. ಸಂಖ್ಯೆ ಹುಡುಕುವುದು ಗುಮಾಸ್ತನ ಕೆಲಸ. ಹೆಸರು ಹಿಡಿದು ನಿಲ್ಲು ಎನ್ನುವುದು ಯಜಮಾನನ ಕೆಲಸ. ಮೇಷ್ಟ್ರು ಇದರ ಮುಂದೆ ಇನ್ನೂ ಏನೋ ಎಚ್ಚರಿಕೆ ಹೇಳಿದರು. ಆ ಹೊತ್ತಿಗೆ ಬಿಲ್ಲೆ ಹಂಚುತ್ತಿದ್ದುದರಿಂದ ಇಸಿಕೇಲಿಯ ಗಮನ ಅತ್ತ ಹೋಗಿತ್ತು.

ತರಬೇತಿ ಮುಗಿದ ಬೆನ್ನಿಗೇ ಸುವಾದಿಂದ ಅಧಿಕಾರಿಯೊಬ್ಬರು ಬರುತ್ತಾರೆಂದು ಸುದ್ದಿ ಬಂತು. ನಿಲ್ದಾಣಕ್ಕೆ ಎತ್ತರದ ಹೊಸ ಕಂಬ ಕೊಡುವುದೋ ಬೇಡವೋ ಅವರು ನೋಡಿ ತೀರ್ಮಾನಿಸಬೇಕು. ಹಳೆಯ ಕಂಬದ ದನಿ ದ್ವೀಪದ ದಂಡೆ ದಾಟುತ್ತಿರಲಿಲ್ಲ. ಬಂಡೆಸಾಲಿನ ಆಚೆ ಕಣ್ಣಿಗೆ ಕಾಣುವ ವಾತುಲೈಲೈ ಎಂಬ ಪುಟ್ಟ ನಡುಗಡ್ಡೆಯಲ್ಲಿ ಕೆಲೆರಾ ಅಜ್ಜಿಯ ಅಕ್ಕ ಮಕೆರೇಟಾ ಇದ್ದಳು. ಅವಳಿಗೆ ದೋಣಿ ಹತ್ತುವ ಶಕ್ತಿ ಉಳಿದಿರಲಿಲ್ಲ. ಕೆಲೆರಾ ಅಜ್ಜಿಗೆ ಸೊಂಟ ನೋವು, ಅಲೆಯ ಮೇಲೆ ಕೂರಲಾಗದು. ಅಲ್ಲಿ ಫೋನೂ ಹಿಡಿಯುವುದಿಲ್ಲ.

"ಇಸಿಕೇಲಿ, ಭಾನುವಾರ ನಾನು ಹಾಡೋದು ಅಕ್ಕನ ಕಿವಿಗೆ ಬೀಳೋ ಹಾಗೆ ಮಾಡಪ್ಪ," ಎಂದು ಅಜ್ಜಿ ಅವನ ಕೈ ಹಿಡಿದು ಹೇಳಿದ್ದಳು. "ಇಬ್ಬರೂ ಒಂದೇ ಬೆಂಚಲ್ಲಿ ಕೂತು ಹಾಡಿದವ್ರು. ಈಗ ಅವಳ ದನಿ ಹೇಗಿತ್ತು ಅನ್ನೋದೇ ಮರೆತುಹೋಗ್ತಾ ಇದೆ."

"ಆಯ್ತು ಅಂತಲೇ ತಿಳ್ಕೊಳ್ಳಿ ಅಜ್ಜಿ," ಎಂದು ಇಸಿಕೇಲಿ ಬಿಲ್ಲೆ ಮುಟ್ಟಿ ಮಾತು ಕೊಟ್ಟಿದ್ದ. ಆ ಮಾತು ಮಾತ್ರ ಅವನು ಜಂಬಕ್ಕೆ ಕೊಟ್ಟದ್ದಲ್ಲ.

ಅಧಿಕಾರಿಯ ಹೆಸರು ಶಲೇಂದ್ರ. ಸುವಾದ ಹಳೆಯ ಭಾರತೀಯ ಮನೆತನದವರು, ಫಿಜಿ ಮಾತು ನೀರು ಕುಡಿದಂತೆ ಆಡುವವರು. ಆದರೆ ದೋಣಿ ಇಳಿದಾಗ ಆಡುವ ಸ್ಥಿತಿಯಲ್ಲಿರಲಿಲ್ಲ. ಅಲೆಯ ಹೊಡೆತಕ್ಕೆ ಮುಖ ಹಸಿರಾಗಿತ್ತು.

"ಬುಲಾ ಸಾಹೇಬ್ರೇ! ಪ್ರಯಾಣ ಹಿತವಾಗಿತ್ತಾ?" ಎಂದು ಇಸಿಕೇಲಿ ಹಾರ ಹಾಕಿದ.

"ಹಿತ ಎಲ್ಲಾ ಸಮುದ್ರಕ್ಕೇ ಕೊಟ್ಟು ಬಂದೆ ಮಾರಾಯ. ಎಲ್ಲಾದ್ರೂ ಅಲುಗಾಡದೆ ಇರೋ ಕುರ್ಚಿ ಇದ್ರೆ ತೋರಿಸು."

ಕುರ್ಚಿಯಲ್ಲಿ ಕೂತು ಎಳನೀರು ಕುಡಿದ ಮೇಲೆ ಅವರಿಗೆ ಮಾತು ಬಂತು. ಬಂದ ಮೊದಲ ಮಾತೇ ಚುಚ್ಚುವಂಥದು.

"ನೋಡಪ್ಪ, ಎಲ್ಲಾ ದ್ವೀಪದೋರೂ ಕಂಬ ಕೇಳ್ತಾರೆ. ಕೊಟ್ಟ ಮೇಲೆ ಹೋಗಿ ನೋಡಿದ್ರೆ ಅದಕ್ಕೆ ಬಟ್ಟೆ ಒಣಹಾಕಿರ್ತಾರೆ. ನಿಮ್ಮ ರೇಡಿಯೋನ ನಿಜವಾಗ್ಲೂ ಯಾರಾದ್ರೂ ಕೇಳ್ತಾರಾ?"

"ಎಲ್ಲರೂ ಕೇಳ್ತಾರೆ ಸಾಹೇಬ್ರೇ!"

"ಎಲ್ಲರೂ ಅಂತ ಎಲ್ಲರೂ ಹೇಳ್ತಾರೆ. ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಇದ್ಯಾ?"

ಇಸಿಕೇಲಿ ಬಾಯಿ ತೆರೆದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹೊಡೆದ ಗಂಟೆ ಮತ್ತೆ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು, ಹೊಡೆಯುತ್ತಲೇ ಹೋಯಿತು. ಗಂಟೆಯ ಪ್ರೋಗ್ರಾಮು ಮೊಂಡು ಹಿಡಿದಿತ್ತು. ಹಿಂದುಗಡೆ ಭಕ್ತಿಗೀತೆಯವರು ಪಾಪ ಅದರ ಮೇಲೆ ದನಿ ಏರಿಸಿ ಹಾಡುವಂತೆ ಕೇಳುತ್ತಿತ್ತು.

"ಇದೇನು, ಬೆಂಕಿಗಿಂಕಿ ಬಿತ್ತಾ?" ಎಂದು ಶಲೇಂದ್ರ ಅರ್ಧ ಎದ್ದರು.

ಇಸಿಕೇಲಿಯ ಎದೆಯಲ್ಲೂ ಗಂಟೆ ಹೊಡೆಯುತ್ತಿತ್ತು. ಆದರೂ ಇದೇ ತಕ್ಕ ಸಮಯವೆಂದು ಅವನಿಗೆ ಹೊಳೆಯಿತು. ಕುರ್ಚಿ ಎಳೆದುಕೊಂಡು, ಬಿಲ್ಲೆಯನ್ನು ಭುಜದ ಮೇಲೆ ಹಿಂದಕ್ಕೆ ಹಾಕಿ, ಕಪ್ಪು ಪರದೆ ತೆರೆದ.

"ಸಾಹೇಬ್ರೇ, ಬೇರೆ ಕಡೆಯೋರು ಇದಕ್ಕೆ ಸಂಖ್ಯೆ ಹುಡುಕ್ತಾ ಕೂರ್ತಾರೆ. ನಾವು ಹಾಗಲ್ಲ. ಹೆಸರು ಹಿಡಿದು ನಿಲ್ಲಿಸ್ತೀವಿ."

ಕಿಲ್‌ಆಲ್ ಎಂದು ಬರೆದ. ಮುಂದೆ ಅಜ್ಜಿಯ ಹೆಸರು ಬರೆಯುವಾಗ ಬೆರಳು ಒಂದು ಗಳಿಗೆ ಅಳುಕಿತು. ಹಿರಿಯರ ಹೆಸರು ಹಿಡಿದು ನಿಲ್ಲು ಎನ್ನುವುದು ಸರಿಯೇ? ಆಮೇಲೆ ಸಮಾಧಾನ ಮಾಡಿಕೊಂಡ. ಆಜ್ಞೆಯ ಕೊನೆಯಲ್ಲಿ 'ಆಲ್' ಎಂದಿದೆಯಲ್ಲ, ದೊಡ್ಡವರನ್ನು ಒಬ್ಬರಿದ್ದರೂ ನೀವು ಎನ್ನುವ ಹಾಗೆ ಇದು ಗೌರವದ ಬಹುವಚನವಿರಬೇಕು. ಎಂಟರ್ ಒತ್ತಿದ.

ಗಂಟೆ ನಿಂತಿತು. ಹಾಡೂ ನಿಂತಿತು. ಕೋಣೆ ಎಷ್ಟು ಮೌನವಾಯಿತೆಂದರೆ ಶಲೇಂದ್ರರ ಹೊಟ್ಟೆಯಲ್ಲಿ ಎಳನೀರು ಇಳಿಯುವುದು ಕೇಳಿಸಿತು.

"ಹಾಡೂ ಹೋಯ್ತಲ್ಲಪ್ಪ?"

"ವಿಶ್ರಾಂತಿಗೆ ಸಾಹೇಬ್ರೇ, ಬೇಕಂತಲೇ," ಎಂದು ಇಸಿಕೇಲಿ ಬೆವರು ಒರೆಸಿಕೊಳ್ಳುತ್ತ ಹಾಡಿನ ಪ್ರೋಗ್ರಾಮನ್ನು ಮತ್ತೆ ಶುರುಮಾಡಿದ. ಕೋಣೆಯ ಸ್ಪೀಕರಿನಲ್ಲಿ ಗೀತೆ ತುಂಬಿಕೊಂಡು ಬಂತು. ಗಂಟೆಯ ಸುಳಿವಿಲ್ಲ. ಅವನು ತಿರುಗಿ ಕೂತು ಮುಗುಳ್ನಕ್ಕ. ಕೋಣೆಯ ಸದ್ದನ್ನು ಕಂಬಕ್ಕೆ ಸಾಗಿಸುವ ಪ್ರೋಗ್ರಾಮಿನ ಹೆಸರೂ ಕೆಲೆರಾ ಎಂಬುದು ಆ ಕ್ಷಣಕ್ಕೆ ಅವನ ನೆನಪಿನಲ್ಲಿರಲಿಲ್ಲ. ಒಳಗೆ ಸೊಗಸಾಗಿ ಹಾಡು, ಹೊರಗೆ ಇಡೀ ದ್ವೀಪದ ರೇಡಿಯೋಗಳೆಲ್ಲ ಮೂಕ.

ನಾಯಲೇವುವಿನಲ್ಲಿ ರೇಡಿಯೋ ಮೂಕವಾಗುವುದೆಂದರೆ ಬರೀ ಸದ್ದು ನಿಂತಂತಲ್ಲ. ಮುಖಂಡನ ಮನೆಯಲ್ಲಿ ಸಾವಾದರೆ ದ್ವೀಪದಲ್ಲಿ ಯಾರೂ ಗದ್ದಲ ಮಾಡಬಾರದೆಂಬುದು ಕಟ್ಟಳೆ. ಹಿಂದಿನ ವರ್ಷ ಮುಖಂಡ ತೀರಿಕೊಂಡಾಗ ಇದೇ ಇಸಿಕೇಲಿಯೇ ಹಾಡನ್ನು ಅರ್ಧಕ್ಕೆ ಕಡಿದು ರೇಡಿಯೋ ಮುಚ್ಚಿದ್ದ. ಆಮೇಲೆ ಹಗಲು ಹೊತ್ತಿನಲ್ಲಿ ಅದು ಒಮ್ಮೆಯೂ ಬಾಯಿ ಮುಚ್ಚಿರಲಿಲ್ಲ. ಈಗ ಹಾಡು ಮತ್ತೆ ಅರ್ಧಕ್ಕೆ ಕಡಿದಿತ್ತು. ಅದೂ ಸಾಲದೆಂಬಂತೆ ಅದಕ್ಕೆ ಮೊದಲು ಒಂದೇ ಸಮನೆ ಗಂಟೆ ಬಾರಿಸಿತ್ತು.

ಮುಂದೆ ನಡೆದದ್ದನ್ನು ಇಸಿಕೇಲಿ ಆಮೇಲೆ ಹತ್ತಾರು ಬಾಯಿಂದ ಕೇಳಬೇಕಾಯಿತು. ಬ್ರೆಡ್ ಅಂಗಡಿಯಲ್ಲಿ ವೈಸಾಲೆ ಹಿಟ್ಟು ನಾದುತ್ತಿದ್ದವನು ಕೈ ನಿಲ್ಲಿಸಿದ. ಬ್ರೆಡ್ಡಿಗೆ ಬಂದಿದ್ದ ಉನಾಇಸಿ ರೇಡಿಯೋವನ್ನು ಎರಡು ಸಲ ತಟ್ಟಿ, ಬ್ಯಾಟರಿ ತೆಗೆದು ಹಾಕಿ, ಮೆಲ್ಲಗೆ ಕೇಳಿದಳು.

"ವೈಸಾಲೆ, ಮುಖಂಡ್ರ ಮನೇಲಿ ವಯಸ್ಸಾದೋರು ಇನ್ನು ಯಾರಿದ್ದಾರೆ?"

"ಕೆಲೆರಾ ಅಜ್ಜಿ ಒಬ್ಬರೇ ಅಲ್ವಾ."

"ಮೊನ್ನೆ ಕೆಮ್ತಾ ಇದ್ರು."

"ಬೆಳಿಗ್ಗೆ ಸಾಹೇಬ್ರನ್ನ ಸ್ವಾಗತ ಮಾಡೋಕೆ ರೇಡಿಯೋ ಕೋಣೆಗೇ ಹೋಗ್ತೀನಿ ಅಂದಿದ್ರು!"

ಇಬ್ಬರೂ ಅಜ್ಜಿಯ ಮನೆಗೆ ಓಡಿದರು. ಬಾಗಿಲು ಮುಚ್ಚಿತ್ತು, ಒಲೆ ತಣ್ಣಗಿತ್ತು. ಅಜ್ಜಿ ರೇಡಿಯೋ ಕೋಣೆಯಲ್ಲೇ ತೀರಿಕೊಂಡಳೆಂಬುದರಲ್ಲಿ ಇನ್ನು ಅನುಮಾನವೇ ಉಳಿಯಲಿಲ್ಲ. ಉನಾಇಸಿ ಅಲ್ಲೇ ಹೊಸ್ತಿಲ ಮೇಲೆ ಕೂತು ಗೋಳೋ ಎಂದು ಅತ್ತಳು. ನಿಜವಾಗಿ ಅಜ್ಜಿ ಹೋದದ್ದು ಸಮುದ್ರಕ್ಕೆ. ಸಾಹೇಬರ ಊಟಕ್ಕೆ ದ್ರಾಕ್ಷಿ ಗೊಂಚಲಿನಂಥ ಕಡಲ ಸೊಪ್ಪು ತರೋಣವೆಂದು, ಸೊಂಟ ನೋವನ್ನೂ ಲೆಕ್ಕಿಸದೆ ಮೊಣಕಾಲು ನೀರಿನಲ್ಲಿ ಬಗ್ಗಿ ಬಂಡೆ ತಡಕುತ್ತಿದ್ದಳು. ಆ ಕಡೆ ನೋಡುವ ವಿಚಾರ ಯಾರಿಗೂ ಬರಲಿಲ್ಲ. ಸತ್ತವರನ್ನು ಯಾರೂ ನೀರಿನಲ್ಲಿ ಹುಡುಕುವುದಿಲ್ಲ.

ಇತ್ತ ಇಸಿಕೇಲಿ ಸಾಹೇಬರಿಗೆ ಯಂತ್ರದ ತಂತಿಗಳನ್ನೆಲ್ಲ ಒಂದೊಂದಾಗಿ ತೋರಿಸಿ ಅವರಿಗೆ ಮತ್ತೆ ವಾಕರಿಕೆ ಬರುವಂತೆ ಮಾಡುತ್ತಿದ್ದಾಗ ಕಿಟಕಿಯಾಚೆ ಜನ ಕಂಡರು. ಎಲ್ಲ ಕೇರಿಯವರೂ ಕಪ್ಪು ಉಟ್ಟು, ಹೆಂಗಸರು ಸುತ್ತಿದ ಚಾಪೆಗಳನ್ನು ಹೊತ್ತು, ಗಂಡಸರು ಯಾಂಗೋನಾ ಬೇರಿನ ಕಟ್ಟು, ಮರಗೆಣಸಿನ ಬುಟ್ಟಿ ಹಿಡಿದು, ತಲೆ ತಗ್ಗಿಸಿ ಸಾಲಾಗಿ ಬರುತ್ತಿದ್ದರು. ಇಸಿಕೇಲಿಯ ಕಣ್ಣು ಮಿನುಗಿತು.

"ನೋಡಿ ಸಾಹೇಬ್ರೇ! ನಿಮ್ಮ ಸ್ವಾಗತಕ್ಕೆ ಊರಿಗೆ ಊರೇ ಬಂತು!"

ಶಲೇಂದ್ರ ಕಿಟಕಿಯಿಂದ ಇಣುಕಿದರು. "ಅಳ್ತಾ ಇದ್ದಾರಲ್ಲಯ್ಯಾ?"

"ಸಂತೋಷಕ್ಕೆ. ನಮ್ಮೋರದು ಮೃದು ಮನಸ್ಸು."

"ಆ ಹೆಂಗಸು ಎದೆ ಎದೆ ಬಡ್ಕೋತಾ ಇದ್ದಾಳೆ!"

"ಅವಳು ಉನಾಇಸಿ. ಅವಳದು ಎಲ್ಲಾ ಸ್ವಲ್ಪ ಜಾಸ್ತಿ."

ಅಂಗಳದಲ್ಲಿ ಎಲ್ಲರೂ ಚಕ್ಕಳಮಕ್ಕಳ ಕೂತರು. ಊರಿನ ಪರವಾಗಿ ಮಾತಾಡುವ ಹಿರಿಯ ಇನೋಕೆ, ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮೊಣಕಾಲೂರಿ ಮುಂದೆ ಬಂದರು. ಅದು ಮದುವೆಗೂ ಕೊಡುವಂಥದು, ಸಾವಿಗೂ ಕೊಡುವಂಥದು, ದೊಡ್ಡ ಅತಿಥಿಗೂ ಕೊಡುವಂಥದು. ಹೀಗಾಗಿ ಹಲ್ಲನ್ನು ನೋಡಿಯೂ ಇಸಿಕೇಲಿಗೆ ಬುದ್ಧಿ ಬರುವ ಅವಕಾಶ ಇರಲಿಲ್ಲ.

ಇನೋಕೆ ಶುರುಮಾಡಿದರು. "ಈ ಮಣ್ಣಿನ ಮೇಲೆ ನಿಂತು ನಮ್ಮೆಲ್ಲರಿಗೂ ನೆರಳು ಕೊಟ್ಟ ಮರ ಇವತ್ತು ಒರಗಿತು. ನಾವು ಬಿಸಿಲಿಗೆ ಬಿದ್ವಿ."

ಇಸಿಕೇಲಿ ತಲೆಯೆತ್ತಿ ದೀವಿಹಲಸಿನ ಮರ ನೋಡಿದ. ನಿಂತೇ ಇತ್ತು. ಕಂಬ ಸ್ವಲ್ಪ ವಾಲಿತ್ತು, ನಿಜ. ಮುದುಕರು ಎಷ್ಟು ಚೆನ್ನಾಗಿ ಕಂಬದ ಮಾತು ತೆಗೆದರೆಂದು ಮೆಚ್ಚಿಕೊಂಡು, ಗಂಟಲು ಸರಿಮಾಡಿಕೊಂಡು ಉತ್ತರ ಕೊಟ್ಟ.

"ಮಾವ, ಯಾರೂ ದುಃಖ ಪಡೋದು ಬೇಡ. ಹಳೇದು ಇನ್ನೆಷ್ಟು ದಿನ ಅಂತ ನಿಲ್ಲುತ್ತೆ? ತುಕ್ಕು ಹಿಡಿದಿತ್ತು, ದನಿಯೂ ಸಣ್ಣಗಾಗಿತ್ತು. ಸಾಹೇಬ್ರು ಮನಸ್ಸು ಮಾಡಿದ್ರೆ ಅದಕ್ಕಿಂತ ಎತ್ತರದ್ದು, ಹೊಸದು, ಸುವಾದಿಂದಲೇ ತರಿಸೋಣ."

 ಇನೋಕೆ ಹಲ್ಲನ್ನು ಎದೆಗೆ ಹಿಂದಕ್ಕೆಳೆದುಕೊಂಡರು.

"ಹೊಸ ಅಜ್ಜೀನ ಸುವಾದಿಂದ ತರಿಸ್ತಾನಂತೆ!" ಎಂದು ಹಿಂದಿನಿಂದ ಯಾರೋ ಕಿರುಚಿದರು.

ವೈಸಾಲೆ ಎದ್ದುನಿಂತ. ಅವನ ಜೀವನದಲ್ಲಿ ಮೊದಲ ಬಾರಿಗೆ ಭಾವನನ್ನು ಹಾಸ್ಯ ಮಾಡುವ ಮನಸ್ಸಿರಲಿಲ್ಲ. "ಲೋ ಇಸಿಕೇಲಿ, ಏನ್ ಮಾತು ಅಂತ ಆಡ್ತೀಯೋ! ಅಜ್ಜಿ ಎಲ್ಲೋ? ಒಳಗೆ ಎಲ್ಲಿ ಮಲಗಿಸಿದ್ದೀಯ? ಮುಖ ನೋಡೋಕಾದ್ರೂ ಬಿಡು!"

"ಯಾವ ಅಜ್ಜಿ?"

ಶಲೇಂದ್ರರಿಗೆ ಅಷ್ಟರಲ್ಲಿ ವಿಷಯ ಅರ್ಥವಾಗಿತ್ತು. ಅವರು ಇಸಿಕೇಲಿಯ ಕಿವಿಯ ಹತ್ತಿರ ಬಗ್ಗಿ ಹೇಳಿದರು. "ಇದು ಸ್ವಾಗತ ಅಲ್ಲ ಕಣಯ್ಯಾ. ಯಾರೋ ಸತ್ತಿದ್ದಾರೆ."

ಇಸಿಕೇಲಿ ಯಾರು ಸತ್ತರೆಂದು ಕೇಳಲು ಜನರತ್ತ ನೋಡಿದ. ಕಡೆಯ ಸಾಲಿನಲ್ಲಿ, ಒದ್ದೆ ಮುದ್ದೆಯಾದ ಉಡುಪಿನಲ್ಲಿ, ಮಡಿಲ ತುಂಬ ಕಡಲ ಸೊಪ್ಪು ಇಟ್ಟುಕೊಂಡು, ಪಕ್ಕದಲ್ಲಿ ತನ್ನ ಮನೆಯ ಅತ್ಯುತ್ತಮ ಚಾಪೆಯನ್ನು ಸುತ್ತಿ ಇಟ್ಟುಕೊಂಡು ಕೆಲೆರಾ ಅಜ್ಜಿ ಕೂತಿದ್ದಳು. ನೀರಿನಿಂದ ಬರುವಾಗ ಮೆರವಣಿಗೆ ಕಂಡು, ಮನೆಗೆ ಹೋಗಿ ಚಾಪೆ ತಂದು ಹಿಂದೆ ಸೇರಿಕೊಂಡಿದ್ದಳು. ಯಾರು ಹೋದರು ಎಂದು ಪಕ್ಕದವಳನ್ನು ಕೇಳಿದರೆ ಅವಳು ಕೈಯಲ್ಲಿ ಮುಖ ಮುಚ್ಚಿಕೊಂಡೇ "ನಮ್ಮ ದೊಡ್ಡ ಜೀವ" ಎಂದಿದ್ದಳು. ಅಷ್ಟು ಸಾಕಾಯಿತು. ಅಜ್ಜಿ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು.

ಅವಳನ್ನು ಕಂಡದ್ದೇ ಇಸಿಕೇಲಿ ತನಗರಿವಿಲ್ಲದೆ ಗಂಟಲು ಹರಿಯುವಂತೆ ಕೂಗಿದ. "ಕೆಲೆರಾ!"

ಅಂಗಳದಲ್ಲಿದ್ದ ಕೆಲೆರಾಗಳೆಲ್ಲ ಒಟ್ಟಿಗೇ ಅಳು ನಿಲ್ಲಿಸಿ ತಲೆಯೆತ್ತಿದರು. ಕೂಸು ಎತ್ತಿಕೊಂಡವಳು, ಜಡೆ ಹಾಕಿಕೊಂಡವಳು, ಮರಗೆಣಸಿನ ಬುಟ್ಟಿಯ ಹಿಂದಿನವಳು, ಎಲ್ಲರೂ ಒಂದೇ ಸಲ. ಒಬ್ಬಳನ್ನು ಕರೆದರೆ ಎಲ್ಲರ ಅಳುವೂ ನಿಂತಿತ್ತು.

ಇಸಿಕೇಲಿ ಅವರೆಲ್ಲರ ಮುಖ ನೋಡಿದ. ಆಮೇಲೆ ಕಿಟಕಿಯೊಳಗೆ ಚಾಪೆಯ ಮೇಲೆ ಕೂತ ಯಂತ್ರವನ್ನು ನೋಡಿದ. ಸುವಾದ ಮೇಷ್ಟ್ರು ಬಿಲ್ಲೆ ಹಂಚುವಾಗ ಏನು ಎಚ್ಚರಿಸುತ್ತಿದ್ದರೆಂದು ಈಗ ಅವನಿಗೆ ಪೂರ್ತಿ ಕೇಳಿಸಿತು.

"ಅಯ್ಯಯ್ಯೋ, ಎಲ್ಲರನ್ನೂ ನಿಲ್ಲಿಸಿಬಿಟ್ಟೆ!" ಎಂದು ತಲೆ ಚಚ್ಚಿಕೊಂಡು ಒಳಗೆ ಓಡಿದ.

ಇಷ್ಟು ಹೊತ್ತಿಗೆ ಮುಂದಿನ ಸಾಲಿನವರೆಲ್ಲ ತಿರುಗಿ ಅಜ್ಜಿಯನ್ನು ಕಂಡಿದ್ದರು. ಉನಾಇಸಿ ಚೀರಿ ವೈಸಾಲೆಯ ಬೆನ್ನಿಗೆ ಅಡಗಿದಳು. ಇನೋಕೆ ಮಾತ್ರ ಧೈರ್ಯ ಮಾಡಿ ಹತ್ತಿರ ಹೋಗಿ ಕೇಳಿದರು. "ತಾಯಿ, ನೀವು... ಇದ್ದೀರಾ?"

"ನಾನು ಇಲ್ಲದೆ ಎಲ್ಲಿಗೆ ಹೋಗ್ಲಿ? ಸತ್ತೋರು ಯಾರು ಅಂತ ಹೇಳ್ರಪ್ಪ. ಅತ್ತು ಅತ್ತು ಗಂಟಲು ಬಿತ್ತು, ಯಾರಿಗೆ ಅಂತ ಗೊತ್ತಿಲ್ಲ."

"ನೀವೇ ಅಂತ ಅಂದ್ಕೊಂಡ್ವಿ ತಾಯಿ. ರೇಡಿಯೋ ನಿಂತುಹೋಯ್ತು."

ಅಜ್ಜಿ ಕಣ್ಣೊರೆಸಿಕೊಂಡು ಎದ್ದು, ಗುಡ್ಡೆ ಹಾಕಿದ್ದ ಚಾಪೆಗಳತ್ತ ನಡೆದಳು. ಒಂದೊಂದರ ಅಂಚನ್ನೂ ಬೆರಳಿನಿಂದ ಎತ್ತಿ ನೋಡಿದಳು.

"ಇದು ಚೆನ್ನಾಗಿದೆ. ಇದೂ ಪರವಾಗಿಲ್ಲ. ಇದ್ಯಾರದು, ನಡುವೆ ತೂತು ಬಿದ್ದಿರೋದು? ಉನಾಇಸಿ, ನಿಂದಾ? ನಿನ್ನ ಇಬ್ಬರು ಮಕ್ಕಳಿಗೆ ಹೆಸರು ಕೊಟ್ಟಿದ್ದೀನಿ ಕಣೇ. ನನ್ನ ಸಾವಿಗೆ ತೂತು ಚಾಪೇನಾ?"

"ಗಾಬರೀಲಿ ಸಿಕ್ಕಿದ್ದು ತಂದೆ ಅಜ್ಜಿ. ಒಳ್ಳೇದು ಎತ್ತಿಟ್ಟಿದ್ದೀನಿ. ಇನ್ನೊಂದು ಸಲಕ್ಕೆ ಖಂಡಿತಾ ಅದೇ ತರ್ತೀನಿ."

ಮೊದಲು ನಕ್ಕವಳು ಅಜ್ಜಿಯೇ. ಅಂಗಳವೆಲ್ಲ ನಕ್ಕಿತು. ಇನೋಕೆ ತಿಮಿಂಗಿಲದ ಹಲ್ಲನ್ನು ಏನು ಮಾಡುವುದೆಂದು ತಿಳಿಯದೆ, ಹೇಗೂ ಹೊರಗೆ ತೆಗೆದಾಗಿದೆಯೆಂದು, ಅದನ್ನು ಸಾಹೇಬರಿಗೇ ಸ್ವಾಗತದ ಕಾಣಿಕೆಯಾಗಿ ಕೊಟ್ಟುಬಿಟ್ಟರು. ಭಾಷಣವನ್ನು ಮಾತ್ರ ಹೊಸದಾಗಿ ಮಾಡಿದರು. ಅಷ್ಟರಲ್ಲಿ ವೈಸಾಲೆಯ ಕಂಕುಳಲ್ಲಿದ್ದ ರೇಡಿಯೋ ಗರಗರ ಎಂದಿತು, ಭಕ್ತಿಗೀತೆ ಹೊರಬಂತು. ದೂರದ ಮನೆಗಳಿಂದಲೂ ಅದೇ ಗೀತೆ ಕೇಳಿಬಂತು. ಇಸಿಕೇಲಿ ಬಾಗಿಲಿಗೆ ಬಂದು ನಿಂತ. ಕೊರಳಿನ ಬಿಲ್ಲೆಯನ್ನು ತೆಗೆದು ಕೈಯಲ್ಲಿ ಮುದುಡಿ ಹಿಡಿದಿದ್ದ.

"ಸಾಹೇಬ್ರೇ, ತಪ್ಪು ನಂದು. ಕಂಬ ಕೊಡೋಲ್ಲ ಅಂದ್ರೆ ನನ್ನ ನೋಡಿ ಹಾಗನ್ನಿ, ಊರನ್ನ ನೋಡಿ ಬೇಡ. ಅಜ್ಜಿಗೆ ಮಾತು ಕೊಟ್ಟಿದ್ದೆ."

ಶಲೇಂದ್ರ ಅಂಗಳದ ತುಂಬ ಕೂತ ಜನರನ್ನು, ಬುಟ್ಟಿಗಳನ್ನು, ಚಾಪೆಯ ಗುಡ್ಡೆಯನ್ನು ನೋಡುತ್ತಿದ್ದರು.

"ಬೆಟ್ಟದ ಆ ಕಡೆಯಿಂದಲೂ ಬಂದಿದ್ದಾರಾ?" ಎಂದು ಇನೋಕೆಯನ್ನು ಕೇಳಿದರು.

"ಎಲ್ಲಾ ಕಡೆಯಿಂದಲೂ ಸಾಹೇಬ್ರೇ. ಹಾಡು ನಿಂತ ತಕ್ಷಣ ಒಲೆ ಆರಿಸಿ ಹೊರಟೋರು."

"ಅಂದ್ರೆ ಪ್ರತಿ ಮನೇಲೂ ರೇಡಿಯೋ ಹಚ್ಚಿತ್ತು."

"ಅದು ಯಾವಾಗಲೂ ಹಚ್ಚಿರುತ್ತೆ. ಆರಿಸಿದ್ರೆ ಮನೇಲಿ ಯಾರೋ ಇಲ್ಲ ಅನ್ಸುತ್ತೆ."

ಅಜ್ಜಿ ಈ ಮಾತಿನ ಕಡೆ ಇರಲಿಲ್ಲ. ಅವಳು ಮಡಿಲ ಸೊಪ್ಪು ಕೆಳಗಿಟ್ಟು ಸಮುದ್ರದತ್ತ ತಿರುಗಿ ನಿಂತಿದ್ದಳು. ಬಂಡೆಸಾಲಿನ ಆಚೆ ವಾತುಲೈಲೈ ಕಾಣುತ್ತಿತ್ತು. ನಡುವೆ ನೀರು ಖಾಲಿ.

"ಎಲ್ಲಾ ಕಡೆಯಿಂದ ಬಂದ್ರಿ," ಎಂದಳು. ಈಗ ಅವಳ ದನಿಯಲ್ಲಿ ನಗುವಿರಲಿಲ್ಲ. "ಅಲ್ಲಿಂದ ಒಂದು ದೋಣೀನೂ ಹೊರಟಿಲ್ಲ ನೋಡಿ. ನಾನು ನಿಜವಾಗಿ ಸತ್ತಿದ್ರೂ ಅಕ್ಕನಿಗೆ ಗೊತ್ತಾಗ್ತಿರಲಿಲ್ಲ. ನನ್ನ ಮಣ್ಣು ಮಾಡಿ ಎಲ್ಲರೂ ಊಟ ಮುಗಿಸಿದ್ರೂ ಅವಳು ಅಲ್ಲಿ ಹಾಯಾಗಿ ಮೀನು ಸುಡ್ತಾ ಕೂತಿರೋಳು."

ಶಲೇಂದ್ರ ಅಜ್ಜಿಯ ಪಕ್ಕ ಹೋಗಿ ನಿಂತು, ಅವಳು ನೋಡುತ್ತಿದ್ದ ಕಡೆಗೇ ಬಹಳ ಹೊತ್ತು ನೋಡಿದರು.

"ಇಸಿಕೇಲಿ," ಎಂದರು ಕೊನೆಗೆ, ತಿರುಗದೆಯೇ. "ಅಲ್ಲಿ ತನಕ ದನಿ ಮುಟ್ಟೋಕೆ ಎಷ್ಟು ಎತ್ತರದ ಕಂಬ ಬೇಕು?"

ಕಂಬ ಬಂದದ್ದು ಮಾವಿನ ಕಾಲ ಮುಗಿಯುವ ಹೊತ್ತಿಗೆ. ಅದಕ್ಕೆ ಮುಂಚೆ ಹೆಸರುಗಳ ಇತ್ಯರ್ಥವಾಗಬೇಕಿತ್ತು. ಯಾವ ಪ್ರೋಗ್ರಾಮಿನಿಂದಲೂ ತನ್ನ ಹೆಸರು ತೆಗೆಯಕೂಡದೆಂದು ಅಜ್ಜಿ ಹಟ ಹಿಡಿದಳು. ಕೊಟ್ಟ ಹೆಸರನ್ನು ಕಿತ್ತುಕೊಳ್ಳುವುದುಂಟೇ? ಹುಡುಗಿಯರಿಗೆ ಊರಿನವರು ಮಾಡುವ ಉಪಾಯವನ್ನೇ ಇಸಿಕೇಲಿ ಇಲ್ಲೂ ಮಾಡಿದ. ಅಲ್ಲಿ ಉದ್ದ ಕೆಲೆರಾ, ದೋಣಿಮನೆ ಕೆಲೆರಾ, ಮಾತಿನಮಲ್ಲಿ ಕೆಲೆರಾ ಇದ್ದ ಹಾಗೆ ಇಲ್ಲಿ ಹಾಡು-ಕೆಲೆರಾ, ಗಾಳಿ-ಕೆಲೆರಾ, ಗಂಟೆ-ಕೆಲೆರಾ, ಕಂಬ-ಕೆಲೆರಾ. ಪ್ರತಿಯೊಂದಕ್ಕೂ ಅಜ್ಜಿ ಬೇರೆ ಬೇರೆ ಚಾಪೆ ಕಳಿಸಿದ್ದರಿಂದ ಯಂತ್ರ ಈಗ ಮೊದಲಿಗಿಂತ ಒಂದು ಗೇಣು ಎತ್ತರದಲ್ಲಿ ಕೂತಿತ್ತು.

ಹೊಸ ಕಂಬ ನಿಂತ ಭಾನುವಾರ, ಚರ್ಚು ಮುಗಿದ ಮೇಲೆ, ಅಜ್ಜಿ ಮೈಕಿನ ಮುಂದೆ ಕೂತು ಅಕ್ಕನ ಜತೆ ಹಾಡುತ್ತಿದ್ದ ಹಾಡನ್ನು ಹಾಡಿದಳು. ಆಮೇಲೆ ಮೈಕಿಗೇ ಕಿವುಡೇನೋ ಎಂಬಂತೆ ಬಾಯಿ ಹತ್ತಿರ ತಂದು ಕೂಗಿದಳು. "ಮಕೆರೇಟಕ್ಕಾ, ನಾನು ಕಣೇ! ಕೇಳಿಸ್ತಾ ಇದ್ರೆ ಒಲೆಗೆ ಹಸಿ ತೆಂಗಿನ ಗರಿ ಹಾಕು. ಹೊಗೆ ನೋಡ್ತೀನಿ!"

ಇಸಿಕೇಲಿ ಆ ಮಾತನ್ನು ಹಿಡಿದಿಟ್ಟು ಮತ್ತೆ ಮತ್ತೆ ಬಿತ್ತರಿಸಲು ಒಂದು ಪ್ರೋಗ್ರಾಮು ಮಾಡಿದ್ದ, ಮಾತು-ಕೆಲೆರಾ. ಅದನ್ನು ಹಚ್ಚಿಟ್ಟು ಎಲ್ಲರ ಜತೆ ದಂಡೆಗೆ ಓಡಿದ.

ವಾತುಲೈಲೈ ಸುಮ್ಮನೆ ಕೂತಿತ್ತು. ಅಲೆ ಬಂತು, ಹೋಯಿತು. ಅಜ್ಜಿಯ ತುಟಿ ಅಲುಗುತ್ತಿತ್ತು. ಇಸಿಕೇಲಿ ಬರಿಗೊರಳನ್ನು ತಡವಿಕೊಂಡ. ಬಿಲ್ಲೆಯನ್ನು ಅವನು ಆವತ್ತೇ ಮನೆಯ ಮೊಳೆಗೆ ತಗುಲಿಸಿದ್ದ. ವೈಸಾಲೆ ಭಾವನ ಹೆಗಲ ಮೇಲೆ ಕೈಯಿಟ್ಟ, ಹಾಸ್ಯ ಮಾಡಲಿಲ್ಲ.

ಆಗ ನಡುಗಡ್ಡೆಯ ತೆಂಗಿನ ಮರಗಳ ನಡುವಿನಿಂದ ಬಿಳಿ ಎಳೆಯೊಂದು ಎದ್ದಿತು. ಮೊದಲು ಮೋಡವೆಂದುಕೊಂಡರು. ಅದು ದಪ್ಪಗಾಯಿತು, ನೇರ ಮೇಲೇರಿತು.

"ಅಕ್ಕ!" ಎಂದಳು ಅಜ್ಜಿ. ಅಷ್ಟೇ ಹೇಳಿ ಮರಳಿನ ಮೇಲೆ ಕೂತುಬಿಟ್ಟಳು. ಎಲ್ಲರೂ ಕುಣಿದರು. ಇನೋಕೆಯೂ ಕುಣಿದರು, ಪಂಚೆ ಜಾರುವ ತನಕ.

ಹೊಗೆ ಇನ್ನಷ್ಟು ಏರಿತು. ಮತ್ತೂ ಏರಿತು. ತೆಂಗಿನ ಮರಗಳು ಕಾಣದಾದವು. ಸ್ವಲ್ಪ ಹೊತ್ತಿಗೆ ನಡುಗಡ್ಡೆಯೇ ಕಾಣದಾಯಿತು.

"ಇದೇನು ಭಾವ, ನಿಮ್ಮ ಮಕೆರೇಟಜ್ಜಿ ಊರನ್ನೇ ಸುಡ್ತಾ ಇದ್ದಾರಾ?" ಎಂದು ವೈಸಾಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದ. ಅವನ ಕಂಕುಳ ರೇಡಿಯೋದಲ್ಲಿ ಅಜ್ಜಿಯ ದನಿ ಮತ್ತೊಮ್ಮೆ ಮೊಳಗಿತು. ಹಸಿ ತೆಂಗಿನ ಗರಿ ಹಾಕು! ಹೊಗೆ ಮತ್ತಷ್ಟು ಎದ್ದಿತು.

ಇಸಿಕೇಲಿಗೆ ತಟ್ಟನೆ ಹೊಳೆಯಿತು. ತಂಗಿ ಹೇಳಿದಾಗಲೆಲ್ಲ ಅಕ್ಕ ಗರಿ ಹಾಕುತ್ತಿದ್ದಾಳೆ.

"ನಿಲ್ಲಿಸೋ ಇಸಿಕೇಲಿ, ನಿಲ್ಲಿಸೋ!" ಅಜ್ಜಿ ನಗುತ್ತ, ಅಳುತ್ತ, ಮರಳಿನಿಂದಲೇ ಕೈ ಬೀಸಿದಳು. "ಅವಳು ಚಾವಣಿ ಗರೀನೂ ಕಿತ್ತು ಹಾಕ್ತಾಳೆ!"

ಇಸಿಕೇಲಿ ಓಡಿದ. ಕಪ್ಪು ಪರದೆ ತೆರೆದು, ಹೆಸರನ್ನು ಪೂರ್ತಿಯಾಗಿ, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಬರೆದ. ಮಾತು-ಕೆಲೆರಾ. ಎರಡು ಸಲ ಓದಿ ನೋಡಿದ. ಎಂಟರ್ ಒತ್ತಿ ಕಣ್ಣು ಮುಚ್ಚಿದ.

ಮಾತು ನಿಂತಿತು. ಅದೊಂದೇ ನಿಂತಿತು. ಕಿಟಕಿಯಾಚೆ ಊರಿನ ಎಲ್ಲ ಮನೆಗಳಲ್ಲೂ ಹಾಡು ಹಾಗೇ ಮುಂದುವರಿದಿತ್ತು.

ಅವನು ದಂಡೆಗೆ ಮರಳಿದಾಗ ಹೊಗೆ ತೆಳುವಾಗುತ್ತಿತ್ತು. ಕೆಲೆರಾ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ನಾನು ಚಿಕ್ಕೋಳು ಅಂತ, ನಾನು ಹುಟ್ಟಿದಾಗಿನಿಂದ ನನ್ನ ಒಂದು ಮಾತೂ ನಡೆಸಿದವಳಲ್ಲ ಕಣೋ ಅವಳು," ಎಂದಳು. "ಇವತ್ತು ನೋಡು, ಹೇಳಿದಷ್ಟು ಸಲವೂ ಹಾಕಿದ್ಲು."